ರಷ್ಯಾ ದೇಶದ ಗ್ರಂಥಪರಿಷ್ಕಾರವೂ ಮತವಿಚ್ಛೇದವೂ

1653ನೆಯ ಇಸವಿಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ಮಹೋಪವಾಸದ ದಿನಗಳಲ್ಲಿ, ಮಾಸ್ಕೋ ನಗರದ ದೇವಾಲಯಗಳಿಗೆ ಪೇಟ್ರಿಯಾರ್ಕನೆಂಬ ಮಹಾಧರ್ಮಾಧ್ಯಕ್ಷನ ಪೀಠದಲ್ಲಿದ್ದ ನಿಕೋನನಿಂದ ಒಂದು ಆಜ್ಞಾಪತ್ರವು ಬಂದಿತು. ಅದರ ಒಕ್ಕಣೆ ಬಹಳ ಚಿಕ್ಕದು. ಸಂತ ಎಫ್ರೇಮನ ಪ್ರಾರ್ಥನೆಯನ್ನು ಹೇಳುವಾಗ ವಾಡಿಕೆಯಲ್ಲಿದ್ದಷ್ಟು ಸಲ ನೆಲಮುಟ್ಟಿ ನಮಸ್ಕರಿಸದೆ, ಬಹುಪಾಲು ನಮಸ್ಕಾರಗಳನ್ನು ಸೊಂಟ ಬಾಗಿಸಿಯೇ ಮಾಡತಕ್ಕದ್ದು. ಶಿಲುಬೆಯ ಗುರುತನ್ನು ಹಾಕಿಕೊಳ್ಳುವಾಗ ಎರಡು ಬೆರಳುಗಳಿಗೆ ಬದಲಾಗಿ ಮೂರು ಬೆರಳುಗಳನ್ನು ಜೋಡಿಸತಕ್ಕದ್ದು. ಇಷ್ಟೇ. ಅದಾಗಿ ಮೂವತ್ತು ವರ್ಷಗಳು ತುಂಬುವುದರೊಳಗಾಗಿ ಈ ಆಜ್ಞೆಯ ಪ್ರಯುಕ್ತ ಪುರೋಹಿತರ ನಾಲಗೆಗಳು ಕತ್ತರಿಸಲ್ಪಟ್ಟಿದ್ದುವು. ಒಂದು ಮಹಾಮಠವು ಎಂಟು ವರ್ಷಕಾಲ ರಾಜಸೈನ್ಯವನ್ನು ಎದುರಿಸಿ ಹಾಳಾಗಿದ್ದಿತು. ಉತ್ತರದ ಅರಣ್ಯಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಜನರು ಗುಂಪುಗುಂಪಾಗಿ ಮರದ ಮನೆಗಳಲ್ಲಿ ಕೂಡಿಕೊಂಡು ತಾವೇ ಬೆಂಕಿಯಿಟ್ಟುಕೊಂಡು ಸಾಯಲು ಮೊದಲುಮಾಡಿದ್ದರು. ಎರಡು ಬೆರಳೋ ಮೂರು ಬೆರಳೋ ಎಂಬುದಕ್ಕಾಗಿ ಇಷ್ಟು ರಕ್ತವೇ ಎಂದು ಯೂರೋಪಿನ ಅನೇಕ ಇತಿಹಾಸಕಾರರು ನಕ್ಕು ಮುಂದೆ ಹೋಗಿದ್ದಾರೆ. ಅದು ಅಷ್ಟು ಸುಲಭವಾಗಿ ನಗತಕ್ಕ ವಿಷಯವಲ್ಲ.

ರಷ್ಯಕ್ಕೆ ಕ್ರೈಸ್ತಮತವು ಬಂದುದು 988ರಲ್ಲಿ, ಕೀವ್ ನಗರದ ರಾಜನಾದ ವ್ಲಾದಿಮಿರನ ಕಾಲದಲ್ಲಿ, ಗ್ರೀಕರ ಕಾನ್‌ಸ್ಟಾಂಟಿನೋಪಲ್ ಪಟ್ಟಣದಿಂದ. ಆದರೆ ಅದು ಬಂದುದು ಗ್ರೀಕ್ ಭಾಷೆಯಲ್ಲಲ್ಲ. ಬಲ್ಗೇರಿಯದಲ್ಲಿ ಆಗಲೇ ಸ್ಲಾವ್ ಭಾಷೆಗೆ ಪರಿವರ್ತಿತವಾಗಿದ್ದ ಪೂಜಾಗ್ರಂಥಗಳೂ ಪ್ರಾರ್ಥನೆಗಳೂ ಸಿದ್ಧವಾಗಿ ಕೈಗೆ ದೊರೆತುವು. ಇದರಿಂದ ಸಾಮಾನ್ಯರಿಗೂ ದೇವಾಲಯದಲ್ಲಿ ಹೇಳುವುದು ಕಿವಿಗೆ ಹತ್ತಿತೆಂಬ ಲಾಭವು ಉಂಟಾಯಿತು. ಗ್ರೀಕ್ ವ್ಯಾಕರಣ, ತರ್ಕ, ತತ್ತ್ವಶಾಸ್ತ್ರಗಳ ಅಭ್ಯಾಸವು ಬೇರೂರಲಿಲ್ಲವೆಂಬ ನಷ್ಟವೂ ಉಂಟಾಯಿತು. ಪಶ್ಚಿಮ ಯೂರೋಪಿನಲ್ಲಿ ಮತವಿಚಾರವು ವಿದ್ಯಾಪೀಠಗಳ ವಾದಗಳಲ್ಲಿ ಬೆಳೆಯಿತು. ರಷ್ಯದಲ್ಲಾದರೋ ಅದು ಆರಾಧನೆಯಲ್ಲಿ, ಚಿತ್ರಪಟದಲ್ಲಿ, ಉಪವಾಸದಲ್ಲಿ, ನಮಸ್ಕಾರದ ಕ್ರಮದಲ್ಲಿ ನೆಲೆಗೊಂಡಿತು. ಆಚಾರವು ಶ್ರದ್ಧೆಯ ಹೊರಹೊದಿಕೆಯಲ್ಲ, ಅದೇ ಶ್ರದ್ಧೆಯ ದೇಹವೆಂದು ಆ ಜನರು ಭಾವಿಸಿದರು.

ಈ ಭಾವನೆಯ ಆಳವನ್ನು ಕಾಣಲು ಕರ್ಣಾಟಕದ ನೆಲದಲ್ಲಿಯೇ ಒಂದು ನಿದರ್ಶನವು ದೊರೆಯುವುದು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನೀ ಸುಲ್ತಾನರ ರಾಜಧಾನಿಯಾದ ಬೀದರಿಗೆ ಬಂದು ಕೆಲವು ಕಾಲವಿದ್ದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನು ತನ್ನ ಪ್ರವಾಸಕಥನದಲ್ಲಿ ಸುಲ್ತಾನನ ಮೆರವಣಿಗೆ, ಆನೆಗಳು, ಕುದುರೆಯ ವ್ಯಾಪಾರ ಮೊದಲಾದುವನ್ನು ವರ್ಣಿಸುತ್ತ, ನಡುನಡುವೆ ಒಂದೇ ದುಃಖವನ್ನು ಮತ್ತೆ ಮತ್ತೆ ತೋಡಿಕೊಳ್ಳುತ್ತಾನೆ. ದಾರಿಯಲ್ಲಿ ಕಳ್ಳರು ಅವನ ಪುಸ್ತಕಗಳನ್ನು ಅಪಹರಿಸಿದ್ದರು. ಪುಸ್ತಕಗಳಿಲ್ಲದ ಕಾರಣ ಈಸ್ಟರ್ ಯಾವ ದಿನ ಬಿದ್ದಿತು, ಉಪವಾಸವು ಯಾವಾಗ ಆರಂಭವಾಯಿತು ಎಂಬುದು ಅವನಿಗೆ ತಿಳಿಯದೆ ಹೋಯಿತು. ಊಹೆಯಿಂದ ದಿನವನ್ನು ಗೊತ್ತುಮಾಡಿಕೊಂಡು ಅವನು ಉಪವಾಸವಿದ್ದನು. ದೇವರಲ್ಲಿ ಅವನ ನಂಬಿಕೆ ಕುಂದಿರಲಿಲ್ಲ. ದಿನವು ತಪ್ಪಿದರೆ ಧರ್ಮವೇ ಕೈತಪ್ಪಿತೆಂಬ ಭಯ ಅವನದು. ಇನ್ನೂರು ವರ್ಷಗಳ ಮೇಲೆ ನಿಕೋನನ ಪತ್ರವನ್ನು ಓದಿಸಿಕೊಂಡು ಕೇಳಿದವರು ಈ ನಿಕಿತಿನನ ಮೊಮ್ಮಕ್ಕಳ ಮೊಮ್ಮಕ್ಕಳೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇದಕ್ಕೆ ರಾಜ್ಯದ ಅಭಿಮಾನವೂ ಕೂಡಿಕೊಂಡಿತು. ತುರುಕರ ಭಯದಿಂದ ಗ್ರೀಕರು 1439ರಲ್ಲಿ ಫ್ಲಾರೆನ್ಸಿನ ಧರ್ಮಸಭೆಯಲ್ಲಿ ರೋಮಿನ ಪೋಪನೊಡನೆ ಐಕ್ಯವನ್ನು ಒಪ್ಪಿಕೊಂಡರು. ಮಾಸ್ಕೋವಿನ ಎರಡನೆಯ ವಾಸಿಲಿಯು ಅದನ್ನು ತಿರಸ್ಕರಿಸಿದನು. 1448ರಲ್ಲಿ ರಷ್ಯದ ಬಿಷಪ್ಪರು ಕಾನ್‌ಸ್ಟಾಂಟಿನೋಪಲಿನ ಅಪ್ಪಣೆಯಿಲ್ಲದೆಯೇ ಯೋನನನ್ನು ತಮ್ಮ ಮೆಟ್ರೊಪಾಲಿಟನ್ ಪೀಠದಲ್ಲಿ ಕೂರಿಸಿದರು. ಐದು ವರ್ಷಗಳಲ್ಲಿ, 1453ರಲ್ಲಿ, ಕಾನ್‌ಸ್ಟಾಂಟಿನೋಪಲ್ ತುರುಕರ ವಶವಾಯಿತು. ಧರ್ಮಭ್ರಷ್ಟತೆಗೆ ದೇವರಿತ್ತ ಶಿಕ್ಷೆಯೆಂದು ಮಾಸ್ಕೋವಿನವರು ಅರ್ಥಮಾಡಿದುದರಲ್ಲಿ ಆಶ್ಚರ್ಯವಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಪ್ಸ್ಕೋವ್ ಮಠದ ಫಿಲೊಫೆಯೆಂಬ ಸನ್ಯಾಸಿಯು, ಎರಡು ರೋಮ್‌ಗಳು ಬಿದ್ದುವು, ಮಾಸ್ಕೋವೇ ಮೂರನೆಯ ರೋಮ್ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. 1547ರಲ್ಲಿ ನಾಲ್ಕನೆಯ ಇವಾನನು ಝಾರ್ ಎಂಬ ಬಿರುದಿನಿಂದ ಪಟ್ಟಾಭಿಷಿಕ್ತನಾದನು. 1551ರಲ್ಲಿ ಕೂಡಿದ ಶತಾಧ್ಯಾಯ ಧರ್ಮಸಭೆಯು ಎರಡು ಬೆರಳುಗಳಿಂದ ಶಿಲುಬೆಯ ಗುರುತು ಹಾಕದವನಿಗೆ ಶಾಪವನ್ನೇ ವಿಧಿಸಿತು. 1589ರಲ್ಲಿ ಗ್ರೀಕ್ ಪೇಟ್ರಿಯಾರ್ಕನಾದ ಎರಡನೆಯ ಯೆರೆಮೀಯನೇ ಮಾಸ್ಕೋವಿಗೆ ಬಂದು ಅಲ್ಲಿಯ ಮೆಟ್ರೊಪಾಲಿಟನ್ ಆಗಿದ್ದ ಯೋವನಿಗೆ ಪೇಟ್ರಿಯಾರ್ಕ್ ಪದವಿಯನ್ನು ಕೊಟ್ಟುಹೋದನು. ಇಷ್ಟಾದಮೇಲೆ ಗ್ರೀಕರ ಆಚಾರವೇ ಪ್ರಮಾಣ, ರಷ್ಯದ ಆಚಾರವೇ ಅಪಭ್ರಂಶ ಎಂದು ಒಬ್ಬ ಪೇಟ್ರಿಯಾರ್ಕನು ಸಾರಿದರೆ, ಇನ್ನೂರು ವರ್ಷಗಳ ರಾಜಕೀಯ ಶ್ರದ್ಧೆಯೂ ಅದರೊಡನೆ ಅಲುಗುವುದು ಅನಿವಾರ್ಯ.

ಹಾಗಾದರೆ ಪರಿಷ್ಕಾರದ ಆವಶ್ಯಕತೆಯೇ ಇರಲಿಲ್ಲವೆ? ಇದ್ದಿತು. ಶತಮಾನಗಳಿಂದ ಲಿಪಿಕಾರರ ಕೈಯಿಂದ ಕೈಗೆ ದಾಟಿ ಬಂದ ಗ್ರಂಥಗಳಲ್ಲಿ ಸ್ಖಾಲಿತ್ಯಗಳು ತುಂಬಿಕೊಂಡಿದ್ದುವು. ಓಲೆಯ ಪ್ರತಿಗಳನ್ನು ಹೋಲಿಸಿ ನೋಡಿದ ಯಾರಿಗೂ ಇದು ಹೊಸ ಮಾತಲ್ಲ. ಕೈಬರೆಹದ ಕಾಲದಲ್ಲಿ ಒಂದು ಊರಿನ ತಪ್ಪು ಆ ಊರಿನಲ್ಲಿಯೇ ಉಳಿಯುತ್ತಿದ್ದಿತು. 1564ರಲ್ಲಿ ಇವಾನ್ ಫ್ಯೊದೊರೊವನು ಮಾಸ್ಕೋವಿನಲ್ಲಿ ಮೊದಲ ದಿನಾಂಕಿತ ಗ್ರಂಥವನ್ನು ಅಚ್ಚುಮಾಡಿದಮೇಲೆ, ಯಾವ ಪಾಠವನ್ನು ಅಚ್ಚುಮಾಡಬೇಕೆಂಬ ಪ್ರಶ್ನೆಯು ರಾಜ್ಯದ ಪ್ರಶ್ನೆಯಾಯಿತು. 1598ರಿಂದ 1613ರವರೆಗಿನ ಅರಾಜಕತೆಯಲ್ಲಿ ದೇಶವು ನುಚ್ಚುನೂರಾದ ಬಳಿಕ ರೊಮಾನೊವ್ ವಂಶದ ಮಿಖಾಯಿಲನು ಸಿಂಹಾಸನವನ್ನೇರಿದನು. ಅವನ ತಂದೆಯಾದ ಫಿಲಾರೆತನು 1619ರಿಂದ 1633ರವರೆಗೆ ಪೇಟ್ರಿಯಾರ್ಕನಾಗಿ, ಮಗನಂತೆಯೇ ‘ಮಹಾಪ್ರಭು’ ಎಂಬ ಬಿರುದನ್ನು ಧರಿಸಿ ರಾಜ್ಯವನ್ನಾಳಿದನು. ಮಿಖಾಯಿಲನ ಮಗ ಅಲೆಕ್ಸೆಯು 1645ರಲ್ಲಿ ತನ್ನ ಹದಿನಾರನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು.

ಅಲೆಕ್ಸೆಯು ಅತ್ಯಂತ ದೈವಭಕ್ತನು. ಉಪವಾಸಕಾಲದಲ್ಲಿ ಗಂಟೆಗಟ್ಟಲೆ ದೇವಾಲಯದಲ್ಲಿ ನಿಲ್ಲುವುದು ಅವನಿಗೆ ಅಭ್ಯಾಸವಾಗಿದ್ದಿತು. ಆಂಟಿಯೋಕಿನ ಪೇಟ್ರಿಯಾರ್ಕನೊಡನೆ ಬಂದಿದ್ದ ಅಲೆಪ್ಪೊ ಪಟ್ಟಣದ ಪೌಲನು ತನ್ನ ಅರಬ್ಬೀ ಪ್ರವಾಸಗ್ರಂಥದಲ್ಲಿ, ಈ ಜನರ ಕಾಲುಗಳು ಕಬ್ಬಿಣದವೇ ಇರಬೇಕೆಂಬ ಧಾಟಿಯಲ್ಲಿ ಗೋಳಿಟ್ಟಿರುವುದು ಸ್ವಾರಸ್ಯವಾಗಿದೆ. ಅರಸನ ಸುತ್ತಲೂ ಒಂದು ಧರ್ಮಾಸಕ್ತರ ಗೋಷ್ಠಿಯು ನೆರೆಯಿತು. ಅವನ ಗುರುವಾದ ಸ್ತೆಫಾನ್ ವೊನಿಫಾತಿಯೆವ್, ಆಪ್ತನಾದ ಫ್ಯೊದೊರ್ ರ್ತಿಶ್ಚೆವ್, ಪ್ರಧಾನ ಪುರೋಹಿತನಾದ ಇವಾನ್ ನೆರೊನೊವ್, ಇವರೊಡನೆ ನಿಜ್ನಿ ನೊವ್ಗೊರೊದ್ ಸೀಮೆಯ ಇಬ್ಬರು ಗ್ರಾಮಸ್ಥರೂ ಅದರಲ್ಲಿ ಸೇರಿದ್ದರು. ಒಬ್ಬನು ನಿಕೋನ್, ಮತ್ತೊಬ್ಬನು ಅವ್ವಾಕುಮ್. ಅವರು ಹುಟ್ಟಿದ ಹಳ್ಳಿಗಳು ನೆರೆಹೊರೆಯವು. ಇವರೆಲ್ಲರ ಹಂಬಲವೂ ಒಂದೇ: ಕುಡಿತ, ಅಶ್ಲೀಲ ನಾಟಕ, ಪೂಜೆಯ ಹೊತ್ತಿನ ಗಲಾಟೆ, ಕಾಲವನ್ನುಳಿಸಲು ನಾಲ್ಕಾರು ಪುರೋಹಿತರು ಬೇರೆಬೇರೆ ಭಾಗಗಳನ್ನು ಏಕಕಾಲದಲ್ಲಿ ಪಠಿಸುವ ಅವಿಧಿ, ಇವುಗಳನ್ನು ನಿಲ್ಲಿಸಿ ದೇಶವನ್ನು ಶುದ್ಧಿಮಾಡಬೇಕು. ಮುಂದೆ ಒಬ್ಬರನ್ನೊಬ್ಬರು ಸುಟ್ಟವರೂ ಸುಡಿಸಿಕೊಂಡವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರೆಂಬುದು ಈ ಚರಿತ್ರೆಯ ದಾರುಣವಾದ ಅಂಶ.

ಇದೇ ಕಾಲದಲ್ಲಿ ಸಮಾಜವೂ ಕುದಿಯುತ್ತಿದ್ದಿತು. 1648ರಲ್ಲಿ ಮಾಸ್ಕೋವಿನಲ್ಲಿ ದಂಗೆಯೆದ್ದಿತು. ಮರುವರ್ಷ, 1649ರಲ್ಲಿ, 25 ಅಧ್ಯಾಯಗಳೂ 967 ವಿಧಿಗಳೂ ಇರುವ ಹೊಸ ನ್ಯಾಯಸಂಹಿತೆಯು ಹೊರಟಿತು. ಅದು ರೈತನನ್ನು ಅವನ ಭೂಸ್ವಾಮಿಗೆ ಶಾಶ್ವತವಾಗಿ ಕಟ್ಟಿಹಾಕಿತು. ಓಡಿಹೋದವನನ್ನು ಎಷ್ಟು ವರ್ಷಗಳ ಮೇಲಾದರೂ ಹಿಡಿದುತರಬಹುದಾಯಿತು. ಪುರೋಹಿತರನ್ನೂ ಮಠದವರನ್ನೂ ಲೌಕಿಕ ವ್ಯಾಜ್ಯಗಳಲ್ಲಿ ವಿಚಾರಿಸಲು ರಾಜನ ಕಚೇರಿಯೊಂದನ್ನು ಅದು ಸ್ಥಾಪಿಸಿತು. ಈ ಸಂಹಿತೆಯನ್ನು ನಿಕೋನನು ಕೊನೆಯವರೆಗೂ ದ್ವೇಷಿಸಿದನು. ರೈತರ ದುರವಸ್ಥೆಗಾಗಿ ಅಲ್ಲ, ಮಠಗಳ ಮೇಲೆ ರಾಜನ ಕೈ ಬಿದ್ದಿತೆಂದು.

ನಿಕೋನನು 1605ರಲ್ಲಿ ರೈತನ ಮಗನಾಗಿ ಹುಟ್ಟಿದವನು. ಹೆಂಡತಿಮಕ್ಕಳನ್ನು ಹೊಂದಿದ್ದ ಹಳ್ಳಿಯ ಪುರೋಹಿತನು, ಮಕ್ಕಳು ಸತ್ತಮೇಲೆ ಸನ್ಯಾಸಿಯಾಗಿ ಉತ್ತರಸಮುದ್ರದ ದ್ವೀಪಕ್ಕೆ ಹೋದನು. ಅಲ್ಲಿಂದ ಮಾಸ್ಕೋವಿಗೆ ಬಂದು ಅರಸನ ಮನಸ್ಸನ್ನು ಸೂರೆಗೊಂಡನು. 1649ರಲ್ಲಿ ನೊವ್ಗೊರೊದಿನ ಮೆಟ್ರೊಪಾಲಿಟನ್ ಆದನು. 1652ರಲ್ಲಿ, ನಾಲ್ಕನೆಯ ಇವಾನನ ಕಾಲದಲ್ಲಿ ಕೊಲೆಗೀಡಾಗಿದ್ದ ಮೆಟ್ರೊಪಾಲಿಟನ್ ಫಿಲಿಪ್ಪನ ಪವಿತ್ರಾಸ್ಥಿಗಳನ್ನು ಸೊಲೊವೆತ್ಸ್ಕಿ ದ್ವೀಪಮಠದಿಂದ ರಾಜಧಾನಿಗೆ ತರಲು ಅವನನ್ನೇ ಕಳುಹಿಸಿದರು. ಪೂರ್ವಿಕ ರಾಜನ ಪಾಪವನ್ನು ಕ್ಷಮಿಸಬೇಕೆಂದು ಬೇಡುವ ಅಲೆಕ್ಸೆಯ ಪತ್ರವನ್ನು ಅವನು ಸಮಾಧಿಯ ಮುಂದೆ ಓದಿದನು. ರಾಜಶಕ್ತಿಯು ಧರ್ಮಪೀಠದ ಮುಂದೆ ತಲೆಬಾಗಿದ ಈ ದೃಶ್ಯವು ನಿಕೋನನ ಮನಸ್ಸಿನಲ್ಲಿ ಅಚ್ಚೊತ್ತಿರಬೇಕು. ಅದೇ ವರ್ಷ ಪೇಟ್ರಿಯಾರ್ಕ್ ಪೀಠಕ್ಕೆ ಕರೆದಾಗ ಅವನು ಒಲ್ಲೆನೆಂದನು. ಉಸ್ಪೆನ್‌ಸ್ಕಿ ದೇವಾಲಯದಲ್ಲಿ ಅರಸನೂ ಸಾಮಂತರೂ ಜನರೂ ನೆಲಕ್ಕೆ ಬಿದ್ದು ಪ್ರಾರ್ಥಿಸಿ, ಧರ್ಮವಿಷಯದಲ್ಲಿ ತನ್ನ ಮಾತಿಗೆ ನಡೆಯುವೆವೆಂದು ಪ್ರತಿಜ್ಞೆ ಮಾಡಿದಮೇಲೆ ಒಪ್ಪಿಕೊಂಡನು. ‘ಮಹಾಪ್ರಭು’ ಎಂಬ ಬಿರುದು ಮತ್ತೆ ಪೇಟ್ರಿಯಾರ್ಕನಿಗೆ ಬಂದಿತು. 1654ರಿಂದ ಪೋಲೆಂಡಿನ ಯುದ್ಧಕ್ಕಾಗಿ ಅರಸನು ರಾಜಧಾನಿಯನ್ನು ಬಿಟ್ಟಿದ್ದಾಗ ರಾಜ್ಯಭಾರವೂ ಅವನ ಕೈಯಲ್ಲಿದ್ದಿತು.

ಇನ್ನು ಪರಿಷ್ಕಾರದ ವಿಚಾರ. ಪಾಠಪರಿಷ್ಕರಣದಲ್ಲಿ ಆಸ್ಥೆಯುಳ್ಳವರು ಈ ಭಾಗವನ್ನು ನಿಧಾನವಾಗಿ ನೋಡಬೇಕು. ನಿಕೋನನ ಪಕ್ಷದ ಪ್ರತಿಜ್ಞೆಯು, ಪ್ರಾಚೀನ ಗ್ರೀಕ್ ಮತ್ತು ಸ್ಲಾವ್ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದಾಗಿ ಇದ್ದಿತು. 1654ರ ಧರ್ಮಸಭೆಯೂ ಹಾಗೆಂದೇ ಒಪ್ಪಿತು. ಕೊಲೊಮ್ನದ ಬಿಷಪ್ಪನಾದ ಪಾವೆಲನೊಬ್ಬನು ಆಕ್ಷೇಪಿಸಿ ಗಡೀಪಾರಾಗಿ ಸತ್ತನು. ಅರ್ಸೇನಿ ಸುಖಾನೊವನನ್ನು ಆಥೋಸ್ ಪರ್ವತದ ಮಠಗಳಿಗೆ ಕಳುಹಿಸಿ ಸುಮಾರು 500 ಹಸ್ತಪ್ರತಿಗಳನ್ನು ತರಿಸಿದರು. ಈ ಸುಖಾನೊವನೇ ಅದಕ್ಕೆ ಮುಂಚೆ ಗ್ರೀಕರೊಡನೆ ವಾದಮಾಡಿ, ರಷ್ಯದ ಆಚಾರವು ಅವರಿಗಿಂತ ಶುದ್ಧವೆಂದು ಬರೆದವನೆಂಬುದು ವಿಚಿತ್ರವಾಗಿದೆ. ತಂದ ಪ್ರತಿಗಳಲ್ಲಿ ಪೂಜಾವಿಧಿಯ ಪರಿಷ್ಕಾರಕ್ಕೆ ಉಪಯೋಗವಾದುವು ಬೆರಳೆಣಿಕೆಯಷ್ಟು. ಬಹುಭಾಗವು ವ್ಯಾಕರಣ, ಕಾವ್ಯ, ಇತಿಹಾಸ ಮೊದಲಾದ ಬೇರೆ ವಿಷಯಗಳಿಗೆ ಸೇರಿದುವು. ಮಾಸ್ಕೋವಿನ ಅಚ್ಚುಕೂಟದಲ್ಲಿ ಪರಿಷ್ಕರ್ತರ ಮೇಜಿನ ಮೇಲೆ ನಿಜವಾಗಿ ಇದ್ದುದು 1602ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗ್ರೀಕ್ ವಿಧಿಗ್ರಂಥವೆಂದೂ, ಪಶ್ಚಿಮ ರಷ್ಯದ ಅಚ್ಚಿನ ಪುಸ್ತಕಗಳೆಂದೂ ಹತ್ತೊಂಬತ್ತನೆಯ ಶತಮಾನದ ಸಂಶೋಧಕರು ಪ್ರತ್ಯಕ್ಷರಮಾಗಿ ತೋರಿಸಿದ್ದಾರೆ. ಎಂದರೆ ಪ್ರಾಚೀನಪಾಠವೆಂಬ ಹೆಸರಿನಲ್ಲಿ ಸಮಕಾಲೀನ ಗ್ರೀಕ್ ಪಾಠವನ್ನು ರಷ್ಯದ ಮೇಲೆ ಹೊರಿಸಲಾಯಿತು. ನಿಕೋನನ ಅಧಿಕಾರಾವಧಿಯಲ್ಲಿಯೇ ಹಲವು ಸಲ ಅಚ್ಚಾದ ಪೂಜಾಗ್ರಂಥದ ಮುದ್ರಣಗಳು ಒಂದರೊಡನೊಂದು ಹೊಂದುತ್ತಿರಲಿಲ್ಲವೆಂದು ವಿರೋಧಿಗಳು ಎತ್ತಿದ ಆಕ್ಷೇಪಕ್ಕೆ ಉತ್ತರ ಬರಲಿಲ್ಲ.

ಬದಲಾವಣೆಗಳೇನು? ಕ್ರಿಸ್ತನ ಹೆಸರನ್ನು ‘ಇಸುಸ್’ ಎಂದು ಬರೆಯುತ್ತಿದ್ದುದಕ್ಕೆ ಇನ್ನೊಂದು ಇಕಾರವನ್ನು ಸೇರಿಸಿ ‘ಇಇಸುಸ್’ ಎಂದು ಮಾಡಿದರು. ಹಲ್ಲೆಲೂಯ ಸ್ತುತಿಯನ್ನು ಎರಡು ಸಲ ಹೇಳುತ್ತಿದ್ದುದು ಮೂರು ಸಲವಾಯಿತು. ಏಳು ನೈವೇದ್ಯದ ರೊಟ್ಟಿಗಳಿಗೆ ಐದಾದುವು. ವಿಶ್ವಾಸಪ್ರತಿಜ್ಞೆಯಲ್ಲಿ ‘ಹುಟ್ಟಿದವನು, ಆದರೆ ಸೃಷ್ಟಿಯಾದವನಲ್ಲ’ ಎಂಬರ್ಥದ ಪಂಕ್ತಿಯಿಂದ ‘ಆದರೆ’ ಎಂಬ ಅರ್ಥವುಳ್ಳ ‘ಅ’ ಎಂಬ ಒಂದೇ ಅಕ್ಷರದ ಅವ್ಯಯವು ಮಾಯವಾಯಿತು. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವಂಥದು ದೇವಾಲಯದ ಮೆರವಣಿಗೆಯ ದಿಕ್ಕು. ಸೂರ್ಯನ ಗತಿಯನ್ನನುಸರಿಸಿ ಪ್ರದಕ್ಷಿಣೆ ಬರುತ್ತಿದ್ದ ಜನರಿಗೆ ಇನ್ನು ಮೇಲೆ ಅಪ್ರದಕ್ಷಿಣವಾಗಿ ಬರಬೇಕೆಂದು ಆಜ್ಞೆಯಾಯಿತು. ಪ್ರದಕ್ಷಿಣೆಯ ಅರ್ಥವನ್ನು ಬಲ್ಲ ಓದುಗರಿಗೆ ಇದರಿಂದ ಆ ಜನರ ಎದೆಯಲ್ಲಿ ಏನಾಗಿರಬಹುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದೇ ಅಕ್ಷರಕ್ಕಾಗಿ ಪ್ರಾಣಬಿಡಲು ಸಿದ್ಧರೆಂದು ಪೂರ್ವಾಚಾರದವರು ಹೇಳಿಕೊಂಡುದನ್ನು ಮೌಢ್ಯವೆಂದರೆ, ಒಂದೇ ಅಕ್ಷರಕ್ಕಾಗಿ ಪ್ರಾಣ ತೆಗೆಯಲು ಸಿದ್ಧರಾದವರನ್ನು ಏನೆನ್ನಬೇಕು?

1656ರಲ್ಲಿ ಎರಡು ಬೆರಳಿನವರಿಗೆ ಧರ್ಮಸಭೆಯು ಬಹಿಷ್ಕಾರವನ್ನು ವಿಧಿಸಿತು. ಆದರೆ ಇಷ್ಟು ಕೋಲಾಹಲಕ್ಕೆ ಕಾರಣನಾದ ನಿಕೋನನಿಗೆ ಈ ವಿವರಗಳಲ್ಲಿ ಎಷ್ಟರ ಮಟ್ಟಿನ ನಿಷ್ಠೆಯಿದ್ದಿತೆಂಬುದೇ ಸಂದೇಹಾಸ್ಪದ. ನೆರೊನೊವನು 1657ರಲ್ಲಿ ತಲೆಬಾಗಿ ರಾಜಿಯಾದಾಗ, ಹಳೆಯ ಪುಸ್ತಕವೂ ಹೊಸ ಪುಸ್ತಕವೂ ಒಳ್ಳೆಯವೇ, ಬೇಕಾದುದರಿಂದ ಪೂಜೆಮಾಡಬಹುದೆಂದು ನಿಕೋನನು ಅವನಿಗೆ ಹೇಳಿದನಂತೆ. ಅವನಿಗೆ ಬೇಕಾಗಿದ್ದುದು ಆಜ್ಞಾಧಾರಕತ್ವ. ಅರಸನಿಗೆ ಬೇಕಾಗಿದ್ದುದು ಅದಕ್ಕಿಂತ ದೊಡ್ಡದು. 1654ರಲ್ಲಿ ಉಕ್ರೇನಿನ ಕೊಸಾಕ್ಕರು ಮಾಸ್ಕೋವಿನ ಆಶ್ರಯಕ್ಕೆ ಬಂದಿದ್ದರು. ಅವರು ಮೂರು ಬೆರಳಿನವರು, ಗ್ರೀಕರ ಆಚಾರದವರು. ತುರುಕರ ಆಳಿಕೆಯಲ್ಲಿದ್ದ ಪೌರಸ್ತ್ಯ ಕ್ರೈಸ್ತರೆಲ್ಲರಿಗೂ ಝಾರನೇ ರಕ್ಷಕನಾಗಬೇಕಾದರೆ ಅವನ ಮನೆಯ ಆಚಾರವು ಅವರ ಆಚಾರವೇ ಆಗಬೇಕಾಗಿದ್ದಿತು. ಪರಿಷ್ಕಾರದ ಹಿಂದೆ ಸಾಮ್ರಾಜ್ಯದ ಈ ಆಸೆಯೂ ಇದ್ದಿತೆಂಬುದನ್ನು ಮರೆತರೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ.

ಅದೆಂತೆಂದರೆ: 1658ರ ಜುಲೈ ತಿಂಗಳಲ್ಲಿ, ಅರಸನ ಸ್ನೇಹವು ತಣ್ಣಗಾದುದನ್ನು ಸಹಿಸದೆ, ನಿಕೋನನು ತುಂಬಿದ ದೇವಾಲಯದಲ್ಲಿ ಪೀಠವನ್ನು ತ್ಯಜಿಸಿದೆನೆಂದು ಸಾರಿ, ಮಾಸ್ಕೋವಿನ ಹೊರಗೆ ತಾನು ಕಟ್ಟಿಸುತ್ತಿದ್ದ ನವ ಜೆರೂಸಲೇಮ್ ಮಠಕ್ಕೆ ಹೊರಟುಹೋದನು. ಅರಸನು ಬಂದು ಕಾಲಿಗೆ ಬೀಳುವನೆಂದು ಅವನು ಎಣಿಸಿದ್ದಿರಬಹುದು. ಅರಸನು ಬರಲಿಲ್ಲ. ಎಂಟು ವರ್ಷ ಪೀಠವು ಬರಿದಾಗಿಯೇ ಇದ್ದಿತು. 1666ರ ಡಿಸೆಂಬರಿನಲ್ಲಿ ಅಲೆಕ್ಸಾಂಡ್ರಿಯದ ಪೈಸಿಯೋಸ್, ಆಂಟಿಯೋಕಿನ ಮಕಾರಿಯೋಸ್ ಎಂಬ ಪೇಟ್ರಿಯಾರ್ಕರ ಸಮಕ್ಷದಲ್ಲಿ ನೆರೆದ ಮಹಾಸಭೆಯು ನಿಕೋನನ ಪದವಿಯನ್ನು ಕಿತ್ತು, ಸಾಮಾನ್ಯ ಸನ್ಯಾಸಿಯಾಗಿ ಉತ್ತರದ ಫೆರಪೊಂತೊವ್ ಮಠಕ್ಕೆ ಅಟ್ಟಿತು. ಅದೇ ಸಭೆಯು 1667ರ ಮೇ ತಿಂಗಳಲ್ಲಿ ನಿಕೋನನ ಪರಿಷ್ಕಾರವನ್ನು ಎತ್ತಿಹಿಡಿದು, ಹಳೆಯ ಆಚಾರವನ್ನು ಬಿಡದವರೆಲ್ಲರನ್ನೂ ಶಪಿಸಿ, 1551ರ ಶತಾಧ್ಯಾಯ ಸಭೆಯ ನಿರ್ಣಯವನ್ನು ಅಜ್ಞಾನದಿಂದಾದುದೆಂದು ತಳ್ಳಿಹಾಕಿತು. ಪರಿಷ್ಕರ್ತನು ಭ್ರಷ್ಟನಾದನು, ಪರಿಷ್ಕಾರವು ಉಳಿಯಿತು. ಆಗ ನ್ಯಾಯಪೀಠದಲ್ಲಿ ಕುಳಿತಿದ್ದ ಆ ಇಬ್ಬರು ಪೇಟ್ರಿಯಾರ್ಕರೂ ತಮ್ಮ ದೇಶದಲ್ಲಿ ಪೀಠಭ್ರಷ್ಟರೆಂದು ಘೋಷಿತರಾಗಿದ್ದರು. ಸಭೆಯ ಸೂತ್ರಧಾರನಾದ ಪೈಸಿಯೋಸ್ ಲಿಗಾರಿದೆಸನು ಜೆರೂಸಲೇಮಿನ ಪೇಟ್ರಿಯಾರ್ಕನಿಂದ ಬಹಿಷ್ಕೃತನಾಗಿದ್ದವನು. ಅಂಥವರು ಒಂದು ಜನಾಂಗದ ಪಿತೃಪಿತಾಮಹರ ಧರ್ಮವನ್ನು ಅಜ್ಞಾನವೆಂದರು.

ವಿರೋಧಿಗಳಲ್ಲಿ ಸಾಹಿತ್ಯದ ಅಭ್ಯಾಸಿಗಳಿಗೆ ಅವಶ್ಯವಾಗಿ ಪರಿಚಯವಾಗಬೇಕಾದವನು ಅವ್ವಾಕುಮ್. 1653ರಲ್ಲಿಯೇ ಅವನನ್ನು ಹೆಂಡತಿ ಮಕ್ಕಳೊಡನೆ ಸೈಬೀರಿಯಕ್ಕೆ ಅಟ್ಟಿದರು. ಮೊದಲು ತೊಬೊಲ್‌ಸ್ಕ್, ಬಳಿಕ ಪಾಷ್ಕೊವನೆಂಬ ಕ್ರೂರ ಸೇನಾನಿಯ ದಂಡಿನೊಡನೆ ದೌರಿಯ ಪ್ರಾಂತ. ಹಿಮದಲ್ಲಿ ನಡೆದು, ಹಸಿವಿನಲ್ಲಿ ಮಕ್ಕಳನ್ನು ಕಳೆದುಕೊಂಡು, ಹತ್ತು ವರ್ಷಗಳ ಮೇಲೆ 1664ರಲ್ಲಿ ಮಾಸ್ಕೋವಿಗೆ ಹಿಂದಿರುಗಿದನು. ಅರಸನು ಅವನನ್ನು ಆದರದಿಂದ ಕಂಡನು. ರಾಣಿ ಮರಿಯಳಿಗಂತೂ ಅವನಲ್ಲಿ ಗೌರವ. ಸುಮ್ಮನಿದ್ದರೆ ಸಾಕು ಎಂಬುದೇ ಎಲ್ಲರ ಬಿನ್ನಹವಾಗಿದ್ದಿತು. ಅವನು ಸುಮ್ಮನಿರಲಿಲ್ಲ. 1666ರಲ್ಲಿ ಪುರೋಹಿತಪದವಿಯನ್ನು ಕಳೆದುಕೊಂಡು, ಮರುವರ್ಷ ಉತ್ತರ ಧ್ರುವಪ್ರದೇಶದ ಪುಸ್ತೊಜ್ಯೊರ್ಸ್ಕಿನಲ್ಲಿ ಸೆರೆಯಾದನು. ಜೊತೆಯವರಾದ ಲಾಜರ್, ಎಪಿಫಾನಿ, ಫ್ಯೊದೊರ್ ಎಂಬುವರ ನಾಲಗೆಗಳನ್ನು ಕತ್ತರಿಸಿದ್ದರು; ಅವ್ವಾಕುಮನಿಗೆ ಅರಸನ ದಾಕ್ಷಿಣ್ಯದಿಂದ ಆ ಶಿಕ್ಷೆ ತಪ್ಪಿತು. ನೆಲದೊಳಗಿನ ಆ ಸೆರೆಯಲ್ಲಿಯೇ 1672ರ ಸುಮಾರಿನಿಂದ ಅವನು ತನ್ನ ಆತ್ಮಚರಿತ್ರೆಯನ್ನು ಬರೆದನು.

ಆ ಗ್ರಂಥದ ಭಾಷೆಯೇ ಒಂದು ಕ್ರಾಂತಿ. ಅಲ್ಲಿಯವರೆಗೆ ಸಂತರ ಚರಿತ್ರೆಗಳು ದೇವಾಲಯದ ಪ್ರೌಢ ಸ್ಲಾವ್ ಭಾಷೆಯಲ್ಲಿ, ಕಟ್ಟಿದ ಚೌಕಟ್ಟಿನಲ್ಲಿ ಇರುತ್ತಿದ್ದುವು. ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳುವುದಂತೂ ಅಹಂಕಾರದ ಲಕ್ಷಣ. ಅವ್ವಾಕುಮನು ಮನೆಯಲ್ಲಿ, ಸಂತೆಯಲ್ಲಿ ಆಡುವ ರಷ್ಯನ್ ನುಡಿಯನ್ನು ಬೇಕೆಂದೇ ಹಿಡಿದನು. ವೇದವಾಕ್ಯದ ಮಗ್ಗುಲಲ್ಲಿಯೇ ಬೈಗುಳು, ಕಣ್ಣೀರಿನ ಮಗ್ಗುಲಲ್ಲಿಯೇ ನಗೆ. ಸೈಬೀರಿಯದಲ್ಲಿ ದಿನಕ್ಕೆರಡು ಮೊಟ್ಟೆಯಿಟ್ಟು ತನ್ನ ಮಕ್ಕಳನ್ನು ಸಾಕಿದ ಒಂದು ಕಪ್ಪು ಕೋಳಿಯನ್ನು ಅವನು ದೇವರ ಪವಾಡಗಳ ಸಾಲಿನಲ್ಲಿ ಸೇರಿಸುತ್ತಾನೆ. ಹೆಂಡತಿ ಅನಸ್ತಾಸಿಯ ಮಾರ್ಕೊವ್ನಳು ಹಿಮದ ಮೇಲೆ ಜಾರಿ ಬಿದ್ದು, ಈ ಸಂಕಟ ಎಲ್ಲಿಯವರೆಗೆಂದು ಕೇಳುವ ಪ್ರಸಂಗವೂ, ಸಾಯುವವರೆಗೆ ಎಂಬ ಉತ್ತರವನ್ನು ಆಕೆ ನಿಟ್ಟುಸಿರಿಟ್ಟು ಒಪ್ಪಿಕೊಂಡು ಏಳುವ ಪ್ರಸಂಗವೂ ರಷ್ಯನ್ ಗದ್ಯದಲ್ಲಿ ಮನೆಮಾತಾಗಿವೆ. ಇನ್ನೂರು ವರ್ಷ ಹಸ್ತಪ್ರತಿಗಳಲ್ಲಿ ಗುಟ್ಟಾಗಿ ಸಂಚರಿಸಿದ ಈ ಗ್ರಂಥವು ಅಚ್ಚಾದುದು 1861ರಲ್ಲಿ. ತುರ್ಗೆನೆವ್, ಟಾಲ್‌ಸ್ಟಾಯ್ ಮೊದಲಾದವರು ಅದರ ಭಾಷೆಗೆ ಮಾರುಹೋದರು. ಆದರೆ ಅವ್ವಾಕುಮನನ್ನು ಶಾಂತಮೂರ್ತಿಯೆಂದು ಚಿತ್ರಿಸುವುದು ಸರಿಯಲ್ಲ. ಅಧಿಕಾರವಿದ್ದಿದ್ದರೆ ನಿಕೋನಿಯರನ್ನು ಅವನೂ ಸುಡಿಸುತ್ತಿದ್ದನು; ತನ್ನ ಅನುಯಾಯಿಗಳ ಅಗ್ನಿಪ್ರವೇಶವನ್ನು ಅವನು ಹೊಗಳಿದ್ದಾನೆ. ಅಲೆಕ್ಸೆಯು ನರಕದಲ್ಲಿದ್ದಾನೆಂದು ಅವನ ಮಗ ಫ್ಯೊದೊರನಿಗೇ ಕಾಗದ ಬರೆದನು. 1682ರ ಏಪ್ರಿಲ್ 14ರಂದು ಅವನನ್ನೂ ಮೂವರು ಸಂಗಡಿಗರನ್ನೂ ಸುಟ್ಟರು.

ಈ ವಿರೋಧವು ಹಳ್ಳಿಗರದು ಮಾತ್ರವಾಗಿರಲಿಲ್ಲ. ಅರಸನ ಪಾಲಕನಾಗಿದ್ದ ಬೊರಿಸ್ ಮೊರೊಜೊವನ ತಮ್ಮನ ವಿಧವೆ, ದೇಶದ ಮಹಾಶ್ರೀಮಂತರಲ್ಲೊಬ್ಬಳಾದ ಫಿಯೊದೊಸಿಯ ಮೊರೊಜೊವಳನ್ನು 1671ರಲ್ಲಿ ಸೆರೆಹಿಡಿದರು. ಆಕೆಯೂ ತಂಗಿಯಾದ ರಾಜಕುಮಾರಿ ಉರೂಸೊವಳೂ 1675ರಲ್ಲಿ ಬೊರೊವ್‌ಸ್ಕಿನ ನೆಲಮಾಳಿಗೆಯಲ್ಲಿ ಹಸಿವಿನಿಂದ ಸತ್ತರು. ಸಂಕೋಲೆಯ ಬಂಡಿಯಿಂದ ಎರಡು ಬೆರಳನ್ನೆತ್ತಿ ಜನರನ್ನು ಹರಸುತ್ತ ಹೋಗುವ ಆಕೆಯನ್ನು ಸೂರಿಕೊವನು 1887ರಲ್ಲಿ ಚಿತ್ರಿಸಿದನು. ನಿಕೋನನೇ ಸನ್ಯಾಸವನ್ನು ಆರಂಭಿಸಿದ, ಫಿಲಿಪ್ಪನ ಅಸ್ಥಿಗಳಿದ್ದ ಸೊಲೊವೆತ್ಸ್ಕಿ ಮಠವು ಹೊಸ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿತು. ಅರಸನಿಗೆ ಬಿನ್ನವತ್ತಳೆಗಳನ್ನು ಕಳುಹಿಸಿದರು, 1668ರಿಂದ ಮುತ್ತಿಗೆಯಾಯಿತು, ಕೊನೆಗೆ ಅರಸನಿಗಾಗಿ ಪ್ರಾರ್ಥನೆ ಮಾಡುವುದನ್ನೂ ಅಲ್ಲಿಯವರು ನಿಲ್ಲಿಸಿದರು. ಫಿಯೊಕ್ತಿಸ್ತನೆಂಬ ಸನ್ಯಾಸಿಯು ಗೋಡೆಯ ಗುಪ್ತದ್ವಾರವನ್ನು ತೋರಿಸಿದುದರಿಂದ 1676ರ ಜನವರಿ 22ರಂದು ಕೋಟೆ ಬಿದ್ದಿತು. ಒಳಗಿದ್ದವರಲ್ಲಿ ಉಳಿದವರು ಅತ್ಯಲ್ಪ. ಒಂದು ವಾರದಲ್ಲಿ ಅಲೆಕ್ಸೆಯು ತೀರಿಕೊಂಡನು. ಜನರು ಇದನ್ನು ಹೇಗೆ ಓದಿದರೆಂದು ಹೇಳಬೇಕಾದುದಿಲ್ಲ.

ಭೂಸ್ವಾಮಿಯ ಕೈಯಿಂದ ಓಡಿಹೋದ ರೈತನಿಗೂ ನಿಕೋನನ ಪುಸ್ತಕದಿಂದ ಓಡಿಹೋದ ಭಕ್ತನಿಗೂ ಆಶ್ರಯವಾದುದು ಒಂದೇ ಅರಣ್ಯ. 1648ರಲ್ಲಿ ಮಾಸ್ಕೋವಿನಲ್ಲಿಯೇ ಅಚ್ಚಾಗಿದ್ದ ಧರ್ಮಗ್ರಂಥವೊಂದು 1666ರಲ್ಲಿ ಮಹಾವಿಪತ್ತು ಸಂಭವಿಸಬಹುದೆಂದು ಸೂಚಿಸಿದ್ದಿತು. ಸಾವಿರವೂ ಆರುನೂರ ಅರುವತ್ತಾರೂ ಕೂಡಿದ ಆ ವರ್ಷದಲ್ಲಿಯೇ ಮಹಾಸಭೆಯು ನೆರೆದುದು ಕ್ರಿಸ್ತವಿರೋಧಿಯ ಆಗಮನಕ್ಕೆ ಸಾಕ್ಷಿಯಾಗಿ ಕಂಡಿತು. ಅವನ ಮುದ್ರೆಯನ್ನು ಧರಿಸುವುದಕ್ಕಿಂತ ಬೆಂಕಿಯೇ ಲೇಸೆಂಬ ಬೋಧೆ ಹಬ್ಬಿತು. ರಾಜಪ್ರತಿನಿಧಿಯಾದ ಸೋಫಿಯಳ ಸರಕಾರವು 1685ರಲ್ಲಿ ಹೊರಡಿಸಿದ ಹನ್ನೆರಡು ವಿಧಿಗಳು, ಹಟಹಿಡಿದವರನ್ನು ಸುಡಬೇಕೆಂದೂ ಅವರಿಗೆ ಆಶ್ರಯವಿತ್ತವರನ್ನು ಚಾವಟಿಯಿಂದ ಹೊಡೆಯಬೇಕೆಂದೂ ಕಟ್ಟಳೆಮಾಡಿದ ಮೇಲೆ ಈ ಬೋಧೆಗೆ ಮತ್ತಷ್ಟು ಬಲ ಬಂದಿತು. 1687ರಲ್ಲಿಯೂ ಮರುವರ್ಷವೂ ಒನೆಗ ಸರೋವರದ ಪಾಲೆಯೊಸ್ತ್ರೊವ್ ಮಠದಲ್ಲಿ ಸೈನಿಕರು ಸಮೀಪಿಸುತ್ತಲೇ ಒಳಗಿದ್ದ ಭಾರಿ ಜನಸಮೂಹಗಳು ಬೆಂಕಿಗೆ ಆಹುತಿಯಾದುವು. ಪೂರ್ವಾಚಾರದವರಲ್ಲಿಯೇ ಇದನ್ನು ಖಂಡಿಸಿದವರಿದ್ದರೆಂಬುದನ್ನು ಮರೆಯಬಾರದು. ಎವ್‌ಫ್ರೊಸಿನನೆಂಬ ಸನ್ಯಾಸಿಯು 1691ರಲ್ಲಿ ಈ ಆತ್ಮಹತ್ಯೆಗಳ ವಿರುದ್ಧವಾಗಿ ತೀಕ್ಷ್ಣವಾದ ಗ್ರಂಥವನ್ನೇ ಬರೆದನು. ಸರಕಾರವು ಇವರಿಗಿಟ್ಟ ಹೆಸರು ‘ರಾಸ್ಕೋಲ್ನಿಕ್’, ಎಂದರೆ ಒಡಕು ತಂದವನು. ದಸ್ತಯೇವ್‌ಸ್ಕಿಯ ಪ್ರಸ್ ಸಿದ್ಧ ಕಾದಂಬರಿಯ ನಾಯಕನ ಹೆಸರಿನಲ್ಲಿ ಈ ಶಬ್ದವೇ ಅಡಗಿದೆ.

ಅಲೆಕ್ಸೆಯ ಮಗ ಪೀಟರನಿಗೆ ಬೆರಳುಗಳ ಲೆಕ್ಕದಲ್ಲಿ ಆಸಕ್ತಿಯಿರಲಿಲ್ಲ. ಅವನ ಲೆಕ್ಕ ರೂಬಲ್‌ಗಳದು. 1698ರಲ್ಲಿ ಯೂರೋಪಿನಿಂದ ಹಿಂದಿರುಗಿ ಸಾಮಂತರ ಗಡ್ಡಗಳನ್ನು ಕತ್ತರಿಸಿದನು. 1705ರ ಶಾಸನದಂತೆ ಗಡ್ಡವನ್ನುಳಿಸಿಕೊಳ್ಳುವ ದೊಡ್ಡ ವರ್ತಕನು ವರ್ಷಕ್ಕೆ 100 ರೂಬಲ್, ಅಧಿಕಾರಿಯು 60 ರೂಬಲ್ ತೆರಬೇಕಾಯಿತು. ಸೃಷ್ಟಿಯಿಂದೆಣಿಸುತ್ತಿದ್ದ 7208ನೆಯ ವರ್ಷವು ಒಂದು ಆಜ್ಞೆಯಿಂದ 1700 ಆಯಿತು. 1716ರಲ್ಲಿ ಪೂರ್ವಾಚಾರದವರು ಹೆಸರು ದಾಖಲುಮಾಡಿಸಿ ಇಮ್ಮಡಿ ಕಂದಾಯ ಕೊಟ್ಟು ಬದುಕಬಹುದೆಂದು ಅಪ್ಪಣೆಯಾಯಿತು. ಪೇಟ್ರಿಯಾರ್ಕ್ ಆದ್ರಿಯಾನನು 1700ರಲ್ಲಿ ತೀರಿಕೊಂಡಾಗ ಪೀಟರನು ಬೇರೊಬ್ಬನನ್ನು ನೇಮಿಸಲಿಲ್ಲ. 1721ರಲ್ಲಿ ಫಿಯೊಫಾನ್ ಪ್ರೊಕೊಪೊವಿಚನಿಂದ ಬರೆಯಿಸಿದ ಧರ್ಮನಿಬಂಧನೆಯ ಮೂಲಕ ಆ ಪದವಿಯನ್ನೇ ತೆಗೆದುಹಾಕಿ ‘ಪವಿತ್ರ ಸಿನೋದ್’ ಎಂಬ ಮಂಡಲಿಯನ್ನು ಸ್ಥಾಪಿಸಿದನು. ಸಾಮಾನ್ಯ ಜನರು ಪೇಟ್ರಿಯಾರ್ಕನನ್ನು ಎರಡನೆಯ ಅರಸನೆಂದು ಭ್ರಮಿಸುವರೆಂಬ ಕಾರಣವನ್ನು ನಿಬಂಧನೆಯು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬರೆದವನ ಕಣ್ಣ ಮುಂದೆ ಇದ್ದವನು ನಿಕೋನನೇ. 1722ರಲ್ಲಿ ಮಂಡಲಿಯ ಮೇಲೆ ಒಬ್ಬ ಲೌಕಿಕ ಅಧಿಕಾರಿಯನ್ನು ಕೂರಿಸಿದರು. ಪಾಪನಿವೇದನೆಯಲ್ಲಿ ರಾಜದ್ರೋಹದ ಸುಳಿವು ದೊರೆತರೆ ಪುರೋಹಿತನು ವರದಿಮಾಡಬೇಕೆಂದು ವಿಧಿಸಿದರು. ತನ್ನ ಮಕ್ಕಳನ್ನು ಅಡಗಿಸಲು ಅರಸನ ಕತ್ತಿಯನ್ನು ಬೇಡಿದ ಧರ್ಮಪೀಠಕ್ಕೆ, ಅದೇ ಕತ್ತಿ ತನ್ನ ಕಡೆಗೆ ತಿರುಗಿದಾಗ ಬೆಂಬಲವಾಗಿ ನಿಲ್ಲತಕ್ಕ ಜನರು ಅರಣ್ಯದಲ್ಲಿದ್ದರು.

ಅರಣ್ಯದಲ್ಲಿದ್ದವರು ಏನು ಮಾಡುತ್ತಿದ್ದರು? ಒನೆಗ ಸರೋವರದ ಉತ್ತರಕ್ಕೆ ವಿಗ್ ನದಿಯ ದಡದಲ್ಲಿ 1694ರಲ್ಲಿ ನೆಲೆಸಿದ ಒಂದು ಸಮುದಾಯವು ಆಂದ್ರೇಯ್ ದೆನಿಸೊವ್, ಸೆಮ್ಯೊನ್ ದೆನಿಸೊವ್ ಎಂಬ ಸೋದರರ ನೇತೃತ್ವದಲ್ಲಿ ವ್ಯವಸಾಯ, ವ್ಯಾಪಾರ, ತಾಮ್ರದ ಎರಕ ಇವುಗಳೊಡನೆ ಒಂದು ದೊಡ್ಡ ಲಿಪಿಶಾಲೆಯನ್ನೂ ಬೆಳೆಸಿತು. ಹತ್ತಿರದ ಕಬ್ಬಿಣದ ಕಾರ್ಖಾನೆಗಳಿಗೆ ಅವರ ಸಹಾಯ ಬೇಕಾಗಿದ್ದುದರಿಂದ ಪೀಟರನು ಅವರ ಗೊಡವೆಗೆ ಹೋಗಲಿಲ್ಲ. 1722ರಲ್ಲಿ ಸಿನೋದಿನ ಕಡೆಯಿಂದ ನಿಯೊಫೀತನೆಂಬ ಸನ್ಯಾಸಿಯು 106 ಪ್ರಶ್ನೆಗಳನ್ನು ಹಿಡಿದುಕೊಂಡು ಬಂದನು. 1723ರಲ್ಲಿ ಇವರು ಕೊಟ್ಟ ಉತ್ತರಗಳು ‘ಸಮುದ್ರತೀರದವರ ಉತ್ತರಗಳು’ ಎಂದು ಖ್ಯಾತವಾಗಿವೆ. ಎರಡು ಬೆರಳಿನ ಆಚಾರವು ಪಾಷಂಡವೆಂಬುದಕ್ಕೆ ಆ ವೇಳೆಗೆ ಸರಕಾರದ ಪಕ್ಷದವರು ಎರಡು ಹೊಸ ಪ್ರಮಾಣಗಳನ್ನು ಮುಂದಿಟ್ಟಿದ್ದರು: 1157ರಲ್ಲಿ ಕೀವಿನ ಸಭೆಯು ಆರ್ಮೇನಿಯದ ಮಾರ್ತಿನನೆಂಬ ಪಾಷಂಡಿಯನ್ನು ಖಂಡಿಸಿದ ನಿರ್ಣಯಪತ್ರ; ಹದಿನಾಲ್ಕನೆಯ ಶತಮಾನದ ಮೆಟ್ರೊಪಾಲಿಟನ್ ಥಿಯೊಗ್ನೋಸ್ಟನ ಹೆಸರಿನ ವಿಧಿಗ್ರಂಥ. ನಿಜ್ನಿ ನೊವ್ಗೊರೊದಿನ ಬಿಷಪ್ಪನಾದ ಪಿತಿರೀಮನು ಇವನ್ನು ಹಿಡಿದುಕೊಂಡು ವಾದಮಾಡುತ್ತಿದ್ದನು. ದೆನಿಸೊವನೂ ಅವನ ಸಂಗಡಿಗರೂ ಆ ಪ್ರತಿಗಳನ್ನು ಕಣ್ಣಾರೆ ಕಂಡು ಪರೀಕ್ಷಿಸಿದರು. ಚರ್ಮದ ಹಾಳೆ ಹಳೆಯದು, ಅದರ ಮೇಲಿನ ಬರೆವಣಿಗೆ ಹೊಸದು. ಮೊದಲಿದ್ದ ಬರೆಹವನ್ನು ಕೆರೆದ ಗುರುತುಗಳಿವೆ. ಹಾಳೆಗಳನ್ನು ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಅಕ್ಷರಗಳ ಆಕಾರವೂ ಪದಗಳ ರೂಪವೂ ಆ ಶತಮಾನದವಲ್ಲ ಎಂದು ಒಂದೊಂದಾಗಿ ತೋರಿಸಿ, ಎರಡೂ ಕೃತಕವೆಂದು ಸಿದ್ಧಾಂತಮಾಡಿದರು. ಅವರ ತೀರ್ಮಾನವನ್ನು ಮುಂದಿನ ವಿದ್ವಾಂಸರೂ ಒಪ್ಪಿದ್ದಾರೆ. ರಷ್ಯದಲ್ಲಿ ಪ್ರಾಚೀನ ಲಿಪಿಶಾಸ್ತ್ರದ ಮೊದಲ ಪ್ರಬಂಧವೆಂದು ಈ ಪುಟಗಳನ್ನೇ ಎಣಿಸುವುದುಂಟು. ಯಾರನ್ನು ಅಕ್ಷರಶತ್ರುಗಳೆಂದು ಸಭೆಗಳು ಹಳಿದುವೋ, ಅವರ ಕೈಯಿಂದ ಆ ಶಾಸ್ತ್ರವು ಹುಟ್ಟಿತು. ಒಂದು ಅಕ್ಷರವೂ ಕದಲಬಾರದೆಂದು ನಂಬಿದವರಿಗಿಂತ ಅಕ್ಷರವನ್ನು ಹತ್ತಿರದಿಂದ ನೋಡಬಲ್ಲವರು ಯಾರು?

ಉಳಿದುದು ಬೇಗನೆ ಹೇಳಬಹುದಾದ ಕಥೆ. ಇಮ್ಮಡಿ ಕಂದಾಯವು 1782ರಲ್ಲಿ, ಎರಡನೆಯ ಕ್ಯಾಥರೀನಳ ಕಾಲದಲ್ಲಿ ರದ್ದಾಯಿತು. ಕ್ರೈಸ್ತಮತವು ರಷ್ಯಕ್ಕೆ ಬಂದ ಕಾಲದಲ್ಲಿ ಗ್ರೀಕರೇ ಎರಡು ಬೆರಳಿನವರಾಗಿದ್ದರು, ಮೂರು ಬೆರಳಿನ ಪದ್ಧತಿಯು ಅವರಲ್ಲಿ ಬಳಿಕ ಬೆಳೆದುದು, ಆದಕಾರಣ 1667ರ ಸಭೆಯು ಅಜ್ಞಾನವೆಂದು ಶಪಿಸಿದ್ದೇ ಪ್ರಾಚೀನಪಾಠ ಎಂದು ಮಾಸ್ಕೋ ಧರ್ಮವಿದ್ಯಾಪೀಠದ ಅಧ್ಯಾಪಕನಾದ ನಿಕೊಲಾಯ್ ಕಪ್ತೆರೆವನು 1887ರಲ್ಲಿ ಸಪ್ರಮಾಣವಾಗಿ ಬರೆಯತೊಡಗಿದಾಗ, ಸಿನೋದಿನ ಮೇಲಧಿಕಾರಿಯಾಗಿದ್ದ ಪೊಬೆದೊನೊಸ್ತ್ಸೆವನು ಆ ಲೇಖನಮಾಲೆಯನ್ನು ನಿಲ್ಲಿಸಿಬಿಟ್ಟನು. ಪೂರ್ವಾಚಾರದವರಿಗೆ ಪೂಜಾಸ್ವಾತಂತ್ರ್ಯವು 1905ರ ಏಪ್ರಿಲ್ 17ರ ಶಾಸನದಿಂದ ದೊರೆಯಿತು. 1656, 1667ನೆಯ ವರ್ಷಗಳ ಶಾಪಗಳನ್ನು ಮಾಸ್ಕೋವಿನ ಧರ್ಮಪೀಠವು ಹಿಂದಕ್ಕೆ ತೆಗೆದುಕೊಂಡು, ಎರಡು ಬೆರಳೂ ಮೂರು ಬೆರಳೂ ಸಮಾನವಾಗಿ ಮೋಕ್ಷಸಾಧಕವೆಂದು ಒಪ್ಪಿದುದು 1971ರ ಧರ್ಮಸಭೆಯಲ್ಲಿ.